ಎರಡನೇ ನಗುವಿನ ಜಾಗ

ನಗುವುದಕ್ಕೂ ಕೂಲಿ ಕೊಡುತ್ತಾರೆ ಎಂದರೆ ಜನ ನಂಬುವುದಿಲ್ಲ. ಸಂಜೆ ಟಿವಿ ಹಾಕಿಕೊಂಡು ಕೂರುವವರು, ಪ್ರತಿ ಮಾತಿನ ಹಿಂದೆ ಗೊಳ್ಳೆಂದು ನಗುವವರು ಯಾರಪ್ಪ ಎಂದು ಒಂದು ದಿನವಾದರೂ ಕೇಳಿಕೊಂಡಿದ್ದರೆ ತಾನೇ? ಹಾಗೆ ನಗುವವರಲ್ಲಿ ಮೊದಲ ಸಾಲಿನ ತುದಿಯ ಕುರ್ಚಿ ನಗೆಯಕ್ಕನದು. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು, ಸ್ಟುಡಿಯೋದಲ್ಲಿ ಅದು ಯಾರಿಗೂ ಬೇಕಾಗಿರಲಿಲ್ಲ. ಪಕ್ಕದ ಕುರ್ಚಿ ಅವಳ ತಂಗಿಯದು.

ಇಬ್ಬರ ನಗುವಿಗೂ ಒಂದು ಕ್ರಮವಿತ್ತು. ಅಕ್ಕ ಎತ್ತಬೇಕು, ತಂಗಿ ಹಿಡಿಯಬೇಕು, ಇಳಿಸುವಾಗ ಮತ್ತೆ ಅಕ್ಕ. ಇವರ ನಡುವೆ ಸಿಕ್ಕಿಕೊಂಡು ಹಿಂದಿನ ಸಾಲುಗಳು ತಾವಾಗಿಯೇ ನಗುತ್ತಿದ್ದವು. ಅಕ್ಕನದು ಗಂಟಲು ತುಂಬಿದ ನಗು. ತಂಗಿಯದು ಬಿಕ್ಕಳಿಕೆಯ ಹಾಗೆ ತಡೆತಡೆದು ಬರುವ ನಗು. "ನೀನು ಒಲೆ ಹಚ್ಚೋಳು, ನಾನು ಊದೋಳು" ಎಂದು ತಂಗಿ ಹೇಳುತ್ತಿದ್ದಳು.

ಆ ತಂಗಿ ಜ್ವರವೆಂದು ಮಲಗಿದವಳು ಏಳಲೇ ಇಲ್ಲ. ಮನೆಯವರೆಲ್ಲ ಅತ್ತರು, ನೆರೆಯವರು ಅತ್ತರು, ಅವಳೊಂದಿಗೆ ನೆಟ್ಟಗೆ ಮಾತನಾಡದಿದ್ದ ಅತ್ತೆಯೂ ಗೋಳೋ ಎಂದು ಅತ್ತಳು. ನಗೆಯಕ್ಕನ ಕಣ್ಣು ಮಾತ್ರ ಒದ್ದೆಯಾಗಲಿಲ್ಲ. ಬಂದವರಿಗೆ ಕುರ್ಚಿ ಹಾಕಿದಳು, ನೀರು ಕೊಟ್ಟಳು, ತಂಗಿಯ ಸೀರೆಗಳನ್ನು ಮಡಿಸಿಟ್ಟಳು. "ಕಲ್ಲಾದ್ರೂ ಕರಗ್ತಿತ್ತು, ಇವಳು ಕರಗ್ಲಿಲ್ಲ" ಎಂದು ತಂಗಿಯ ಅತ್ತೆ ಅವಳ ಕಿವಿಗೆ ಬೀಳುವಂತೆಯೇ ಆಡಿದಳು. ಅದಕ್ಕೂ ಬೇಸರವಾಗಲಿಲ್ಲ. ಬಹಳ ಹೊತ್ತು ಮಡಿಸಿಕೊಂಡು ಕೂತರೆ ಕಾಲಿಗೆ ಜೋಮು ಹಿಡಿಯುತ್ತದಲ್ಲ, ಅವಳಿಗೆ ಒಳಗೆಲ್ಲ ಹಾಗೆ ಹಿಡಿದಿತ್ತು. ಚಿವುಟಿದ್ದು ಗೊತ್ತಾಗುತ್ತಿತ್ತು, ನೋಯುತ್ತಿರಲಿಲ್ಲ.

ತಿಂಗಳು ತುಂಬುವ ಮೊದಲೇ ಕೆಲಸಕ್ಕೆ ಹೋದಳು. ಆ ದಿನ ಚಿತ್ರೀಕರಣವಾದದ್ದು ಅನ್ಯಗ್ರಹದವರ ಕಂತು. ಮುಖಕ್ಕೆಲ್ಲ ಬೆಳ್ಳಿ ಬಣ್ಣ ಬಳಿದುಕೊಂಡ ಇಬ್ಬರು ನಟರು ಸಿಡುಕ ಯಜಮಾನನ ಮನೆಗೆ ಬಂದಿಳಿಯುತ್ತಾರೆ. ನಮ್ಮ ಟಿವಿ ಕಾರ್ಯಕ್ರಮಗಳನ್ನು ಆಕಾಶದಲ್ಲಿ ಹಿಡಿದು ನೋಡಿ ನೋಡಿ ಅವರಿಗೆ ಮನುಷ್ಯರ ಬಗ್ಗೆ ಎಲ್ಲ ತಿಳಿದುಬಿಟ್ಟಿದೆ. ಮನುಷ್ಯರ ಮನೆಗೆ ಮೂರೇ ಗೋಡೆ. ಊಟಕ್ಕೆ ಕೂತರೆ ಮೇಜಿನ ಒಂದೇ ಕಡೆ ಸಾಲಾಗಿ ಕೂರುತ್ತಾರೆ. ಎಷ್ಟೇ ಜೋರಾಗಿ ಜಗಳವಾಡುತ್ತಿದ್ದರೂ ನಡುವೆ ನಿಲ್ಲಿಸಿ ಸೋಪನ್ನು ಹೊಗಳುತ್ತಾರೆ. ಹಿಂದಿನ ಸಾಲಿನವರು ಇಷ್ಟಕ್ಕೇ ನಕ್ಕರು, ನಗೆಯಕ್ಕನ ಸರದಿ ಇನ್ನೂ ಬಂದಿರಲಿಲ್ಲ.

ಆಮೇಲೆ ಹಿರಿಯ ಅನ್ಯಗ್ರಹದವನು ಕೈ ಮುಗಿದು ಕೇಳಿದ: "ಒಂದು ಮಾತ್ರ ನಮಗೆ ಗೊತ್ತಾಗ್ಲಿಲ್ಲ. ಎಲ್ಲಾ ಮನೇಲೂ ಯಾರೋ ನಗ್ತಾರೆ, ಕಾಣಿಸೋದೇ ಇಲ್ಲ. ನಿಮ್ಮ ದೊರೆ ನಮಗೆ ಬೇಡ, ಅವರನ್ನ ತೋರಿಸಿ. ಅವರು ಬದುಕಿದ್ದಾರಾ, ಇಲ್ವಾ?"

ಯಜಮಾನ ಮುಖ ಸಿಂಡರಿಸಿದ. "ಅವರಾ? ನನ್ನ ಹೆಂಡ್ತಿ ಕಡೆಯೋರು."

ನಗೆಯಕ್ಕ ನಗು ಎತ್ತಿದಳು. ಎತ್ತಿ, ತಂಗಿ ಹಿಡಿಯಲೆಂದು ನಿಲ್ಲಿಸಿದಳು. ವರ್ಷಗಟ್ಟಲೆ ಅದೇ ರೂಢಿಯಾಗಿದ್ದ ಹಿಂದಿನ ಸಾಲುಗಳೂ ಬಾಯಿ ಕಟ್ಟಿಕೊಂಡು ಕಾದವು. ಯಾರೂ ಹಿಡಿಯಲಿಲ್ಲ. ತಂಗಿ ನಗುವಷ್ಟು ಹೊತ್ತು ಬಿಟ್ಟು ಅವಳೇ ಇಳಿಸಿದಳು. ದೃಶ್ಯವನ್ನು ಮತ್ತೆ ತೆಗೆದರು, ಮತ್ತೆ ಅದೇ. ಕೊನೆಯ ದೃಶ್ಯದಲ್ಲೂ ಅದೇ ಆಯಿತು.

"ಏನ್ರಮ್ಮ, ನಗು ಮಧ್ಯೆ ಹಳ್ಳ ಬಿದ್ದಿದೆಯಲ್ಲ" ಎಂದು ನಿರ್ದೇಶಕ ಗೊಣಗಿದ.

ಬಿಡುವಿನಲ್ಲಿ ಧ್ವನಿಮುದ್ರಣದವನು ಹೆಡ್‌ಫೋನನ್ನು ಕೊರಳಿಗೆ ಇಳಿಸಿಕೊಂಡು ಬಂದ. ಅಕ್ಕತಂಗಿಯರನ್ನು ಅವನು ನೋಡಿದ್ದಕ್ಕಿಂತ ಕೇಳಿದ್ದೇ ಹೆಚ್ಚು.

"ಹಳ್ಳ ತುಂಬಿಸ್ಲೇಬೇಕು. ಪಕ್ಕದಲ್ಲಿ ಹೊಸಬರನ್ನ ಕೂರಿಸ್ತೀವಿ ಅಂತಿದಾರೆ. ಬೇಡ ಅಂದ್ರೆ, ನನ್ನ ಹತ್ರ ನಿಮ್ಮ ತಂಗಿ ನಗು ಇದೆ, ಹಳೇ ಕಂತಿಂದು. ಎರಡು ಹಳ್ಳಕ್ಕೂ ಅದನ್ನೇ ಹಾಕ್ಬಹುದು. ನೀವು ಹೂಂ ಅಂದ್ರೆ ಮಾತ್ರ."

ಅವಳು ಪಕ್ಕದ ಕುರ್ಚಿ ನೋಡಿದಳು. ಯಾರೋ ಅದರ ಮೇಲೆ ಕೈಚೀಲ ಇಟ್ಟಿದ್ದರು. ಸತ್ತವಳ ನಗುವನ್ನು ಬೆಳ್ಳಿ ಮುಖದವನ ತಮಾಷೆಗೆ ಕೊಡುವುದು ಸರಿಯೋ ತಪ್ಪೋ ಅವಳಿಗೆ ಹೊಳೆಯಲಿಲ್ಲ. ಆ ಕುರ್ಚಿಯಲ್ಲಿ ಇನ್ನೊಬ್ಬಳು ಕೂರುವುದು ಬೇಡ ಎಂಬುದಷ್ಟೇ ಗೊತ್ತಿತ್ತು.

"ಯಾರಿಗಾದ್ರೂ ಗೊತ್ತಾಗುತ್ತಾ?"

"ನಿಮಗೆ ಗೊತ್ತಾಗುತ್ತೆ. ಮೇಲೆ ಆಕಾಶದಲ್ಲಿ ನಿಜವಾಗ್ಲೂ ಯಾರಾದ್ರೂ ಕೇಳ್ತಾ ಇದ್ರೆ, ಯಾರಿದಾರೆ ಯಾರಿಲ್ಲ ಅಂತ ಅವರಿಗೆಲ್ಲಿ ಗೊತ್ತಾಗುತ್ತೆ."

"ಹಾಕಿ" ಎಂದಳು, ಚಹಾಕ್ಕೆ ಸಕ್ಕರೆ ಹಾಕಿ ಎನ್ನುವಷ್ಟೇ ದನಿಯಲ್ಲಿ.

ಈ ಸಂಗತಿಯನ್ನು ಅವಳು ತಂಗಿಯ ಮನೆಯಲ್ಲಿ ಹೇಳಲಿಲ್ಲ. ಸಾವಾದಂದಿನಿಂದ ಸಂಜೆ ಅಲ್ಲಿಗೆ ಹೋಗಿ ಅಡುಗೆ ಮಾಡಿಟ್ಟು ಬರುತ್ತಿದ್ದಳು. ಬೀಗ ರಿಪೇರಿ ಮಾಡುವ ತಂಗಿಯ ಗಂಡ ಮಾತು ಬಿಟ್ಟಿದ್ದ. ಟಿವಿ ಎದುರು ಸ್ಟೂಲಿನ ಮೇಲೆ ಕೂತು, ತಲೆ ಎತ್ತದೆ ಕೀಲಿ ಉಜ್ಜುತ್ತಿದ್ದ. ಕಂತು ಪ್ರಸಾರವಾದ ಸಂಜೆ ಅವನು ಗುರುತು ಹಿಡಿದರೆ ಏನು ಗತಿ ಎಂದು ನಗೆಯಕ್ಕನಿಗೆ ಮೊದಲ ಸಲ ಭಯವಾಯಿತು. ಟಿವಿ ಆರಿಸೋಣವೆಂದರೆ ರಿಮೋಟ್ ತಂಗಿಯ ಅತ್ತೆಯ ಮಡಿಲಲ್ಲಿತ್ತು. ಪಾತ್ರೆ ಒರೆಸುತ್ತ ಅಡುಗೆಮನೆ ಬಾಗಿಲಲ್ಲೇ ನಿಂತಳು.

ಬೆಳ್ಳಿ ಮುಖದವನು ಕೈ ಮುಗಿದು ಕೇಳಿದ. ಯಜಮಾನ ಹೆಂಡತಿ ಕಡೆಯವರೆಂದ. ಟಿವಿಯಲ್ಲಿ ನಗೆಯಕ್ಕನ ನಗು ಎದ್ದಿತು. ಅದು ನಿಂತ ಕಡೆ ತಂಗಿ ನಕ್ಕಳು, ತಡೆತಡೆದು, ಬಿಕ್ಕಿ ಬಿಕ್ಕಿ. ಆಗ ಏನಾಯಿತೋ ಅವಳಿಗೇ ತಿಳಿಯಲಿಲ್ಲ, ತಂಗಿ ಹಿಡಿದದ್ದನ್ನು ಇಳಿಸದೆ ಬಿಟ್ಟು ಗೊತ್ತಿದ್ದರೆ ತಾನೇ? ಕೈಯಲ್ಲಿ ಪಾತ್ರೆ ಹಿಡಿದುಕೊಂಡೇ ಗಟ್ಟಿಯಾಗಿ ನಕ್ಕು ಇಳಿಸಿದಳು.

"ಅಳೋಕಾಗ್ಲಿಲ್ಲ, ಸಾವಿನ ಮನೇಲಿ ನಿಂತು ಹಲ್ಲು ಕಿಸೀತಾಳೆ" ಎಂದಳು ಅತ್ತೆ.

"ಸುಮ್ನಿರಮ್ಮ." ತಂಗಿಯ ಗಂಡ ಕೀಲಿ ಉಜ್ಜುವುದು ನಿಂತಿತ್ತು. "ಅತ್ತಿಗೆ, ಮಧ್ಯೆ ನಕ್ಕಿದ್ದು ಅವಳಲ್ವಾ?"

"ಹೂಂ. ಹಳೇದು. ನಾನೇ ಹಾಕಿ ಅಂದೆ."

ಬೈಗುಳ ಬರಲಿ ಎಂದು ಅವಳು ನಿಂತೇ ಇದ್ದಳು. ಬಂದರೂ ತಾಗುತ್ತಿರಲಿಲ್ಲವೇನೋ. ಅವನು ಕೀಲಿಯನ್ನು ಅಂಗೈಯಲ್ಲಿ ಹೊರಳಿಸುತ್ತ ಕೂತ. ಟಿವಿಯಲ್ಲಿ ಸೋಪಿನ ಜಾಹೀರಾತು ಶುರುವಾಗಿತ್ತು.

"ಇನ್ನೊಂದ್ಸಲ ನಗ್ತಾಳಾ?" ಎಂದು ಕೇಳಿದ.

"ಕೊನೇಲಿ. ಅವರು ವಾಪಸ್ ಹೋಗುವಾಗ."

ಅವನು ಪಕ್ಕದಲ್ಲಿದ್ದ ಇನ್ನೊಂದು ಸ್ಟೂಲಿನ ಮೇಲಿನ ಬೀಗಗಳನ್ನು ಒಂದೊಂದಾಗಿ ಕೆಳಗಿಟ್ಟ. ನಗೆಯಕ್ಕ ಬಂದು ಕೂತಳು. ಅತ್ತೆ ಯಾರ ಮುಖವನ್ನೂ ನೋಡದೆ ರಿಮೋಟ್ ಎತ್ತಿ ಸದ್ದು ಹೆಚ್ಚಿಸಿದಳು. ಸೋಪಿನ ಹೊಗಳಿಕೆ ಮನೆ ತುಂಬ ಕೇಳುತ್ತಿತ್ತು, ಮೂವರೂ ಅದು ಮುಗಿಯಲಿ ಎಂದು ಕಾದರು.