ಗೆಸ್ಟ್‌ಬುಕ್ಕಿನಲ್ಲಿ ಅವನ ಹೆಸರು

ತಿಪಟೂರಿನಲ್ಲಿ ಡಿಗ್ರಿ ಎರಡನೇ ವರ್ಷದಲ್ಲಿದ್ದಾಗ ನನ್ನ ಗೆಳೆಯನನ್ನು ಅವನ ಅಪ್ಪನ ಕಣ್ಣೆದುರಿಗೇ ರಕ್ತ ಬರುವ ಹಾಗೆ ಹೊಡೆದೆ. ಕಾರಣ ಒಂದು ವೆಬ್‌ಸೈಟು.

ಅದನ್ನು ನನಗೆ ಮಾಡಿಕೊಟ್ಟವನೂ ಅವನೇ. ಟೈಲರ್ ಮಗ, ನನ್ನದೇ ಕ್ಲಾಸು. ಯಾರೋ ಓದಿ ಬಿಟ್ಟ ಕಂಪ್ಯೂಟರ್ ಪುಸ್ತಕ ಹಿಡಿದು ತಾನೇ ಕಲಿತಿದ್ದ. ಬಸ್ ಸ್ಟ್ಯಾಂಡಿನ ಹಿಂದಿನ ಸೈಬರ್ ಸೆಂಟರಿನಲ್ಲಿ ಇಬ್ಬರೂ ಒಂದೇ ಕುರ್ಚಿಯಲ್ಲಿ ಒತ್ತಿಕೊಂಡು ಕೂತು ಮೂರು ವಾರ ಕಟ್ಟಿದ್ದೆವು. ನಮ್ಮ ತೋಟದ ಕಾಯಿ ರಾಶಿಯ ಮುಂದೆ ನಿಂತ ನನ್ನ ಫೋಟೋ, ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿದ ನನ್ನ ಕನ್ನಡ ಕವನ, ಕೆಳಗೆ ಗೆಸ್ಟ್‌ಬುಕ್ಕು.

"ನೋಡ್ದೋರು ಇಲ್ಲಿ ಏನ್ ಬೇಕಾದ್ರೂ ಬರೀಬೋದು ಕಣ್ಲಾ. ಹೆಸ್ರೂ ಯಾವ್ದು ಬೇಕಾದ್ರೂ ಹಾಕ್ಕೋಬೋದು" ಅಂದಿದ್ದ.

ಒಂದು ಮಧ್ಯಾಹ್ನ ಒಬ್ಬನೇ ಹೋಗಿ ಗೆಸ್ಟ್‌ಬುಕ್ಕು ತೆರೆದೆ. ಗಂಡನ ಮನೆ ಬಿಟ್ಟು ಬಂದಿದ್ದ ನನ್ನಕ್ಕನ ಬಗ್ಗೆ ಬಾಯಲ್ಲಿ ಹೇಳಲಾಗದಂಥ ಒಂದು ಸಾಲು. ಕೆಳಗೆ ಗೆಳೆಯನ ಹೆಸರು. ಅಕ್ಕನ ವಿಷಯ ಕಾಲೇಜಿನಲ್ಲಿ ನಾನು ಹೇಳಿದ್ದು ಅವನೊಬ್ಬನಿಗೇ. ಅವನು ಹೆಸರಿನ ಬಗ್ಗೆ ಅಂದಿದ್ದ ಮಾತು ಆ ಹೊತ್ತಿಗೆ ನೆನಪಿಗೇ ಬರಲಿಲ್ಲ.

ಅವನಪ್ಪನ ಅಂಗಡಿಯಲ್ಲಿ ಅವನು ಹೊಲಿಗೆ ಮಷೀನಿನ ಮುಂದೆ ಕೂತಿದ್ದ. ಕಾಲರ್ ಹಿಡಿದು ಎಳೆದೆ. "ಏನಾಯ್ತ್ಲಾ?" ಅಂತ ನಗುತ್ತಲೇ ಎದ್ದವನ ಎಡಗೆನ್ನೆಗೆ, ಕಿವಿ ಸೇರಿಸಿ, ಬಾರಿಸಿದೆ.

"ನಮ್ಮಕ್ಕನ್ ಬಗ್ಗೆ ಬರೀತೀಯೇನ್ಲಾ?"

"ನಾನಲ್ಲ ಕಣ್ಲಾ, ನಾನಲ್ಲ!"

ಅಳತೆ ಹಾಕುವ ಮರದ ಸ್ಕೇಲು ಕೈಗೆ ಸಿಕ್ಕಿತು. ಮುರಿಯುವವರೆಗೂ ಹೊಡೆದೆ. ಮುರಿದ ಮೇಲೆ ಒದ್ದೆ. ಚಿಕ್ಕಂದಿನಿಂದ ನನ್ನ ಸ್ಕೂಲ್ ಯೂನಿಫಾರಂ ಹೊಲಿದುಕೊಟ್ಟಿದ್ದ ಅವನಪ್ಪ ನನ್ನ ಕಾಲು ತಬ್ಬಿಕೊಂಡರು. "ಬುಡಪ್ಪ, ಸತ್ತೋಯ್ತಾನೆ, ಬುಡಪ್ಪ." ಯಾರದೋ ಬಿಳಿ ಬಟ್ಟೆಯ ಮೇಲೆ ರಕ್ತ ಚಿಮ್ಮಿತ್ತು. ನಾನು ಗೆದ್ದವನಂತೆ ನಡೆದು ಹೋದೆ.

ನಾಲ್ಕು ದಿನದ ಮೇಲೆ ಕಾಲೇಜಿನ ಸೈಕಲ್ ಸ್ಟ್ಯಾಂಡಿನಲ್ಲಿ ಇನ್ನೊಬ್ಬ ಸಹಪಾಠಿ ನನ್ನನ್ನು ನೋಡಿ ನಕ್ಕ. "ತಮಾಷೆಗೆ ನಾನ್ ಬರ್ದಿದ್ದು ಕಣ್ಲಾ. ನಿಮ್ಮಕ್ಕನ್ ವಿಷ್ಯ ಊರಿಗೇ ಗೊತ್ತು" ಅಂದ. ಅವನ ಮೂಗಿಗೆ ಗುದ್ದಿದೆ. ಅವನ ಜೊತೆಗಿದ್ದ ಮೂವರು ನನ್ನನ್ನು ಸೈಕಲ್ಲುಗಳ ಮೇಲೆ ಕೆಡವಿ ತುಳಿದರು. ಒಂದು ಹಲ್ಲು ಹೋಯಿತು.

ಬಾಯಿಗೆ ಕರ್ಚೀಫು ಒತ್ತಿಕೊಂಡೇ ಟೈಲರ್ ಅಂಗಡಿಗೆ ಹೋದೆ. ಗೆಳೆಯನ ಕಿವಿಗೆ ಹತ್ತಿ ಇಟ್ಟು ಪಟ್ಟಿ ಕಟ್ಟಿದ್ದರು. ಒಳಗೆ ಕಿವಿತಮಟೆ ಹರಿದಿತ್ತು. ಆ ಕಿವಿ ಮುಂದೆ ಎಂದೂ ಸರಿಯಾಗಿ ಕೇಳಿಸಲಿಲ್ಲ.

"ಗೊತ್ತಾಯ್ತು ಕಣ್ಲಾ. ನೀನಲ್ಲ" ಅಂದೆ.

"ಅವತ್ತೇ ಹೇಳಿದ್ನಲ್ಲ" ಅಂದ.

ಅವನಪ್ಪ ತಲೆ ಎತ್ತದೆ ಹೊಲಿಯುತ್ತಿದ್ದರು. ಅಳತೆ ಬರೆದುಕೊಳ್ಳುವ ಚೀಟಿಯೊಂದರ ಮೇಲೆ ಗೆಳೆಯ ಸೈಟಿನ ಪಾಸ್‌ವರ್ಡ್ ಬರೆದು ಕೊಟ್ಟ. "ಇನ್ಮೇಲೆ ನೀನೇ ನೋಡ್ಕೋ."

ಆ ಸಾಲು ಅಳಿಸುವುದು ನನಗೆ ಬರುತ್ತಿರಲಿಲ್ಲ. ಒಂದು ಸಲ ಏನೋ ಒತ್ತಲು ಹೋಗಿ ನನ್ನ ಫೋಟೋ, ಕವನ ಮಾಯವಾದವು, ಗೆಸ್ಟ್‌ಬುಕ್ಕು ಮಾತ್ರ ಉಳಿಯಿತು. ಹೇಳಿಕೊಡಬಲ್ಲವನು ಅವನೊಬ್ಬನೇ. ಅವನನ್ನು ಕೇಳಲು ಮುಖವಿರಲಿಲ್ಲ. ಪುಕ್ಕಟೆ ಸೈಟು ಕೊಡುತ್ತಿದ್ದ ಕಂಪನಿ ಬಾಗಿಲು ಹಾಕುವವರೆಗೂ ಆ ಸಾಲು, ಅದರ ಕೆಳಗೆ ಅವನ ಹೆಸರು, ಹಾಗೇ ಇದ್ದವು.