ದೋಣಿಯ ಜಾಹೀರಾತಿಗೆ ಬಂದ ಉತ್ತರಗಳು

ಅಂದು ನಾನು ಮನೆ ತಲುಪಿದಾಗ ಗೇಟು ತೆರೆದಿತ್ತೋ ಮುಚ್ಚಿತ್ತೋ, ಈಗ ನಿಶ್ಚಯವಾಗಿ ಹೇಳಲಾರೆ. ನನ್ನ ನೆನಪಿನಲ್ಲಿ ಅದು ಅರ್ಧ ತೆರೆದಿದೆ, ಮಗಳು ಹೊರಗೆ ನಿಂತಿದ್ದಾಳೆ, ಅವಳ ಮುಂದೆ ಇಬ್ಬರು ಗಂಡಸರಿದ್ದಾರೆ. ಮಗಳು ಹೇಳುವುದೇ ಬೇರೆ. ತಾನು ಮಹಡಿಯ ಬಚ್ಚಲುಮನೆಯಲ್ಲಿ ಚಿಲಕ ಹಾಕಿಕೊಂಡು ಕೂತಿದ್ದೆ ಎನ್ನುತ್ತಾಳೆ. ಅವಳ ಮಾತೇ ನಿಜವಿರಬೇಕು. ನಾನು ನೋಡಿದ್ದೇನೆಂದುಕೊಂಡಿರುವುದು ಬಹುಶಃ ದಾರಿಯುದ್ದಕ್ಕೂ ಕಾರಿನಲ್ಲಿ ಕಲ್ಪಿಸಿಕೊಂಡದ್ದು.

ನೈರೋಬಿಯ ಕರೆನ್ ಬಡಾವಣೆಯ ಆ ಮನೆಯನ್ನು ಕಂಪನಿ ನಮಗೆ ಬಾಡಿಗೆಗೆ ಹಿಡಿದುಕೊಟ್ಟಿತ್ತು. ಖಾಲಿ ಮಾಡಿ ಹೋಗುತ್ತಿದ್ದ ಹಿಂದಿನ ಬಾಡಿಗೆದಾರ ಸೋಫಾ, ಫ್ರಿಜ್ಜುಗಳ ಜೊತೆ ಒಂದು ಮರದ ಹಾಯಿದೋಣಿಯನ್ನೂ ನಮಗೆ ಮಾರಿದ. ಹದಿನಾಲ್ಕು ಅಡಿ ಉದ್ದ, ಟ್ರೇಲರ್ ಸಮೇತ. ಭಾನುವಾರ ನೈವಾಶಾ ಸರೋವರಕ್ಕೆ ಎಳೆದುಕೊಂಡು ಹೋಗಬಹುದೆಂದು ನನ್ನ ಆಸೆ. ಒಮ್ಮೆ ಹೋದೆವು. ದೋಣಿಯಿಂದ ಸ್ವಲ್ಪವೇ ದೂರದಲ್ಲಿ ಒಂದು ನೀರಾನೆ ತಲೆಯೆತ್ತಿತು. ನನ್ನ ಹೆಂಡತಿ ಮತ್ತೆಂದೂ ಆ ದೋಣಿಯಲ್ಲಿ ಕಾಲಿಡಲಿಲ್ಲ.

ದೋಣಿ ಶೆಡ್ಡಿನಲ್ಲಿ ಉಳಿಯಿತು. ನೈರೋಬಿಯ ಒಣಹವೆಗೆ ಹಲಗೆಗಳು ಕುಗ್ಗಿ, ನಡುವಿನ ಸಂದುಗಳಲ್ಲಿ ಉಗುರು ತೂರುವಷ್ಟು ಜಾಗವಾಯಿತು. ನೀರಿಂದ ಹೊರಗಿಟ್ಟ ಮರದ ದೋಣಿಯ ಬೆಲೆ ತಿಂಗಳು ತಿಂಗಳೂ ಇಳಿಯುತ್ತದೆ, ಕೊನೆಗೆ ಕೊಳ್ಳುವವರು ಟ್ರೇಲರಿಗಷ್ಟೇ ಬೆಲೆ ಕಟ್ಟುತ್ತಾರೆ ಎಂದು ಪರಿಚಯದವರೊಬ್ಬರು ಹೇಳಿದರು. ಹೆದರಿ ಇಂಟರ್ನೆಟ್ಟಿನಲ್ಲಿ ಜಾಹೀರಾತು ಹಾಕಿದೆ.

ನಾನು ಔಷಧ ಕಾರ್ಖಾನೆಯ ಗುಣಮಟ್ಟ ವಿಭಾಗದವನು. ಜಾಹೀರಾತನ್ನೂ ನಮ್ಮ ತಪಾಸಣಾ ವರದಿಯಂತೆಯೇ ಬರೆದೆ. ಎಡಭಾಗದ ಮೂರನೆಯ ಹಲಗೆಯಲ್ಲಿ ಅಂಗೈಯುದ್ದದ ಬಿರುಕು, ತಳದಲ್ಲಿ ಎರಡು ಹಿತ್ತಾಳೆ ಸ್ಕ್ರೂ ಇಲ್ಲ, ಹಾಯಿಗೆ ಬೂಷ್ಟು, ಹೀಗೆ ಹನ್ನೊಂದು ದೋಷ. ಹೆಂಡತಿ ಓದಿದಳು.

"ಏನ್ರೀ ಇದು, ದೋಣಿ ಮಾರ್ತಿದ್ದೀರೋ, ಪೋಸ್ಟ್‌ಮಾರ್ಟಂ ರಿಪೋರ್ಟ್ ಕೊಡ್ತಿದ್ದೀರೋ?"

"ಇರೋದನ್ನ ಬರೆದಿದ್ದೀನಿ."

"ನನ್ನ ನೋಡೋಕೆ ಬಂದಾಗ ನಿಮ್ಮದೂ ಇಂಥದ್ದೊಂದು ಲಿಸ್ಟ್ ತಂದಿದ್ರೆ ಎಷ್ಟು ಚೆನ್ನಾಗಿರ್ತಿತ್ತು!"

ನಿಜವಾದ ಗಿರಾಕಿಗಳು ಯಾರೂ ಬರೆಯಲಿಲ್ಲ. ಕಸದ ಮೇಲ್‌ಗಳು ಮಾತ್ರ ಸುರಿದವು. ಒಬ್ಬನು ದೋಣಿಯನ್ನು 'ನಿಮ್ಮ ಸುಂದರ ಪೀಠೋಪಕರಣ' ಎಂದು ಕರೆದ. ಇನ್ನೊಬ್ಬ ನೋಡದೆಯೇ ಹೇಳಿದ್ದಕ್ಕಿಂತ ಹೆಚ್ಚು ಕೊಡುತ್ತೇನೆ, ತನ್ನ ಏಜೆಂಟ್ ಬಂದು ಒಯ್ಯುತ್ತಾನೆ ಎಂದ. ಬುದ್ಧಿಯಿರುವವರು ಇವನ್ನೆಲ್ಲ ಅಳಿಸಿಹಾಕುತ್ತಾರೆ. ನಾನು ಅಳಿಸಲಿಲ್ಲ. ನಮ್ಮ ವಿಭಾಗದಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿದೆ: ಬಂದ ದೂರು ಎಷ್ಟೇ ಹುಚ್ಚುಹುಚ್ಚಾಗಿರಲಿ, ಮರುದಿನದೊಳಗೆ ಸ್ವೀಕೃತಿ ಕಳಿಸಬೇಕು. ಅದಕ್ಕೊಂದು ಸಿದ್ಧ ನಮೂನೆಯಿದೆ. ಕೊನೆಯ ಸಾಲು, 'ನನ್ನ ಗೈರುಹಾಜರಿಯಲ್ಲಿ ಸಂಪರ್ಕಿಸಬೇಕಾದವರು.' ಹದಿನೆಂಟು ವರ್ಷ ಅದನ್ನು ತುಂಬಿ ತುಂಬಿ ನನ್ನ ಬೆರಳುಗಳಿಗೆ ಬಾಯಿಪಾಠವಾಗಿತ್ತು. ಆ ನಮೂನೆಯನ್ನೇ ತಿದ್ದಿ ಕಸದ ಮೇಲ್‌ಗಳಿಗೂ ಸ್ವೀಕೃತಿ ಕಳಿಸಿದೆ. ಕೊನೆಯ ಸಾಲನ್ನು ಖಾಲಿ ಬಿಟ್ಟಿದ್ದೆ. ಹಾಗೆಂದೇ ನನ್ನ ನೆನಪು.

ವಾರದ ನಂತರದ ಮಾತು. ಕಾರ್ಖಾನೆಯ ಶುದ್ಧ ಕೊಠಡಿಗೆ ಹೋಗುವಾಗ ಫೋನನ್ನು ಲಾಕರಿನಲ್ಲಿಟ್ಟು, ಮೈತುಂಬ ಬಿಳಿ ಉಡುಪು ತೊಟ್ಟು ಹೋಗಬೇಕು. ಎರಡು ಗಂಟೆಯ ಮೇಲೆ ಹೊರಬಂದು ನೋಡಿದರೆ ಮಗಳಿಂದ ಏಳು ಕರೆ, ಒಂದು ಸಂದೇಶ. ಅವಳಿಗೆ ಹದಿನೇಳು ವರ್ಷ. ಪರೀಕ್ಷೆಯ ಓದಿಗೆಂದು ರಜೆಯಲ್ಲಿ ಒಬ್ಬಳೇ ಮನೆಯಲ್ಲಿದ್ದಳು. ಸಂದೇಶ ಇಂಗ್ಲಿಷಿನಲ್ಲಿತ್ತು: ಅಪ್ಪಾ, ಗೇಟಿನ ಹತ್ತಿರ ಲಾರಿ ನಿಂತಿದೆ, ಇಬ್ಬರಿದ್ದಾರೆ, ಅವರಿಗೆ ನನ್ನ ಹೆಸರು ಗೊತ್ತು.

ಕರೆ ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಗೇಟಿನ ಕಾವಲುಗಾರನ ಫೋನು ಬಂದ್ ಆಗಿತ್ತು. ಕಿಲಿಮಾನಿ ಬಡಾವಣೆಯ ಬ್ಯಾಂಕಿನಲ್ಲಿದ್ದ ಹೆಂಡತಿಗೆ ಫೋನ್ ಮಾಡಿ ಹೇಳಿದೆ.

"ಅವಳ ಹೆಸರು ಅವರಿಗೆ ಹೇಗೆ ಗೊತ್ತಾಯ್ತು?"

"ಗೊತ್ತಿಲ್ಲ."

"ನೀವು ಕೊಟ್ರಾ?"

"ಇಲ್ಲ," ಎಂದೆ. ಒಂದು ಕ್ಷಣವೂ ತಡವರಿಸಲಿಲ್ಲ.

ಲಂಗಾಟಾ ರಸ್ತೆಯಲ್ಲಿ ಒಂದು ಮಟಾಟು, ಅಲ್ಲಿನ ಬಾಡಿಗೆ ವ್ಯಾನು, ಕೆಟ್ಟು ಅಡ್ಡ ನಿಂತಿತ್ತು. ಅದರ ಹಿಂದೆ ಎಷ್ಟು ಹೊತ್ತು ನಿಂತೆನೋ ತಿಳಿಯದು. ಹತ್ತು ಸಲ ಕರೆ ಮಾಡಿರಬೇಕು. ಪ್ರತಿ ರಿಂಗಿನ ನಡುವೆ ಮನೆಯ ಒಂದೊಂದೇ ಬಾಗಿಲು ಕಣ್ಣಿಗೆ ಬರುತ್ತಿತ್ತು: ಅಡುಗೆಮನೆಯ ಹಿಂಬಾಗಿಲಿನ ಬೋಲ್ಟು ಸಡಿಲವಾಗಿತ್ತು. ರಿಪೇರಿ ಮಾಡಿಸಬೇಕೆಂದು ಮೂರು ತಿಂಗಳಿಂದ ಮುಂದೂಡಿದ್ದೆ.

ಲಾರಿ ಅಲ್ಲೇ ಇತ್ತು. ಕಾವಲುಗಾರ ಗೇಟಿಗೆ ಬೆನ್ನು ಕೊಟ್ಟು ನಿಂತಿದ್ದ, ಅಥವಾ ಹಾಗೆಂದು ಅವನು ಹೇಳುತ್ತಾನೆ. ಯಾರ ಮಾತನ್ನೂ ಕೇಳದೆ ಒಳಗೆ ಓಡಿದೆ. ಬಚ್ಚಲುಮನೆಯ ಬಾಗಿಲು ಬಡಿದೆ. ಒಳಗಿಂದ ಸಣ್ಣ ದನಿ ಬಂತು.

"ಅಪ್ಪಾ, ಆರ್ ಯೂ ಅಲೋನ್?"

"ನಾನೊಬ್ಬನೇ ಪುಟ್ಟಾ, ತೆಗಿ."

"ಪ್ರಾಮಿಸ್?"

ಅವಳು ಚಿಲಕ ತೆಗೆಯಲಿಲ್ಲ. ಅಮ್ಮ ಬರಲಿ ಎಂದಳು. ನನ್ನ ಬೆನ್ನ ಹಿಂದೆ ಯಾರೋ ಚಾಕು ಹಿಡಿದು ನನ್ನಿಂದ ಹಾಗೆ ಹೇಳಿಸುತ್ತಿರಬಹುದೆಂದು ಅವಳಿಗೆ ಅನಿಸಿತ್ತಂತೆ.

ಕೆಳಗಿಳಿದು ಗೇಟಿಗೆ ಬಂದೆ. ಸರಳುಗಳ ಆಚೆ ಐವತ್ತು ದಾಟಿದ ಒಬ್ಬ ಮನುಷ್ಯ ಟೋಪಿ ಕೈಯಲ್ಲಿ ಹಿಡಿದು ಕಾಯುತ್ತಿದ್ದ. ನೈವಾಶಾದವನು, ದೋಣಿ ರಿಪೇರಿ ಅವನ ಕಸುಬು. ಲಾರಿಯ ಚಾಲಕ ಒಳಗೇ ಕೂತಿದ್ದ. ಟೋಪಿಯವನು ಒಂದು ಮುದ್ರಿತ ಹಾಳೆ ಚಾಚಿದ. ಮೇಲೆ ನನ್ನ ದೋಣಿಯ ಫೋಟೋ, ಕೆಳಗೆ ನನ್ನ ಹನ್ನೊಂದು ದೋಷಗಳು ಅಕ್ಷರಶಃ ಹಾಗೇ. ಬೆಲೆ ಮಾತ್ರ ಅರ್ಧ, ಮಾರುವವನ ನಂಬರು ಬೇರೆ. ಕಟ್ಟಕಡೆಗೆ ನಮ್ಮ ಮನೆಯ ದಾರಿ, ಮಗಳ ಹೆಸರು, ಅವಳ ಫೋನ್ ನಂಬರು.

"ಮುಂಗಡ ಕೊಟ್ಟಿದ್ದೀನಿ ರಫೀಕಿ, ನಿನ್ನ ತಮ್ಮನಿಗೆ," ಎಂದ. ರಫೀಕಿ ಎಂದರೆ ಸ್ವಾಹಿಲಿಯಲ್ಲಿ ಗೆಳೆಯ.

"ನನಗೆ ತಮ್ಮನಿಲ್ಲ."

ಅವನು ಹಾಳೆಯನ್ನು ಮತ್ತೆ ಓದಿದ. "ಕಳ್ಳ ಯಾರಾದ್ರೂ ತನ್ನ ಮಾಲಿನ ಬಿರುಕು ಬರೀತಾನಾ? ಈ ಪಟ್ಟಿ ನೋಡಿಯೇ ನಂಬಿದೆ."

ನಾನು ಹಾಳೆಯ ಕೆಳತುದಿಯಲ್ಲಿದ್ದ ಮಗಳ ಹೆಸರನ್ನೇ ನೋಡುತ್ತಿದ್ದೆ.

"ಸರಿ, ದೋಣಿಯನ್ನಾದ್ರೂ ನೋಡಿ ಹೋಗ್ತೀನಿ. ಇಷ್ಟು ದೂರ ಬಂದಿದ್ದೀನಿ."

ಮೋಸಹೋದವನೇ ಮೋಸಗಾರನೂ ಆಗಿರಬಹುದಲ್ಲ ಎಂದು ನನ್ನ ತಲೆ ಹೇಳಿತು. ಅನುಮಾನಿಸುವುದನ್ನು ವಿಶ್ವವಿದ್ಯಾಲಯದಲ್ಲಿ ಕಲಿತಿದ್ದೆ, ಅದರಿಂದಲೇ ಅನ್ನ ತಿನ್ನುತ್ತಿದ್ದೆ. ಅವನ ಮುಖದಲ್ಲಿ ಸುಳ್ಳಿನ ಯಾವ ಗುರುತೂ ಕಾಣದಿದ್ದದ್ದೇ ನನ್ನ ಭಯವನ್ನು ಹೆಚ್ಚಿಸಿತು. ಆಗುವುದಿಲ್ಲ ಎಂದೆ. ಅವನು ಜಗಳವಾಡಲಿಲ್ಲ. "ಗೋಣಿಚೀಲ ನೆನೆಸಿ ದೋಣಿಯೊಳಗೆ ಹಾಸು, ಇಲ್ಲದಿದ್ರೆ ಸೌದೆಗೂ ಬಾರದು," ಎಂದು ಹೇಳಿ ಟೋಪಿ ಹಾಕಿಕೊಂಡು ಲಾರಿ ಹತ್ತಿದ. ಲಾರಿ ತಿರುವಿನಲ್ಲಿ ಮರೆಯಾದ ಮೇಲೂ ಅದು ವಾಪಸು ಬರುವ ಸದ್ದಿಗಾಗಿ ಕಿವಿಗೊಟ್ಟು ನಿಂತಿದ್ದೆ.

ಮಗಳು ನಂಬರು ಬದಲಿಸಿದಳು. ಗೇಟಿನ ಗಂಟೆ ಬಾರಿಸಿದರೆ ಪುಸ್ತಕ ಮಡಚಿ ಮಹಡಿ ಹತ್ತುವುದು ಅವಳಿಗೆ ಅಭ್ಯಾಸವಾಯಿತು. ಪಾರ್ಸೆಲ್ ತಂದವರು, ನೀರಿನ ಮೀಟರ್ ನೋಡುವವರು, ಯಾರಾದರೂ ಅಷ್ಟೇ. ಹೆಂಡತಿ ಆಗಾಗ ಅದೇ ಪ್ರಶ್ನೆ ಕೇಳುತ್ತಿದ್ದಳು, ನಾನು ಅದೇ ಉತ್ತರ ಕೊಡುತ್ತಿದ್ದೆ. ಶಾಲೆಯ ಅರ್ಜಿಗಳಲ್ಲಿ, ಕೊರಿಯರ್ ಚೀಟಿಗಳಲ್ಲಿ ಮಗಳ ನಂಬರು ಎಲ್ಲೆಲ್ಲೋ ಇದೆ, ಎಲ್ಲಿಂದಲಾದರೂ ಸಿಕ್ಕಿರಬಹುದು ಎಂದು ವಾದಿಸಿದೆ. ವಾದ ಚೆನ್ನಾಗಿಯೇ ಇತ್ತು. ಮೇಲ್ ಪೆಟ್ಟಿಗೆ ತೆರೆದರೆ ಒಂದು ನಿಮಿಷದಲ್ಲಿ ತೀರುವ ವಿಷಯ. ಬೇರೆಯವರ ದಾಖಲೆಗಳನ್ನು ದಿನವೂ ತಡಕುವ ನಾನು ನನ್ನದನ್ನು ನಾಲ್ಕು ತಿಂಗಳು ತೆರೆಯಲಿಲ್ಲ.

ಒಂದು ಶನಿವಾರ ಮಗಳು ಊಟದ ಮೇಜಿನಲ್ಲಿ, ತಲೆಯೆತ್ತದೆ, ಅಪರೂಪಕ್ಕೆ ಕನ್ನಡದಲ್ಲೇ ಕೇಳಿದಳು. "ಅಪ್ಪಾ, ನೀನೇ ಕೊಟ್ಟಿದ್ರೂ ಪರ್ವಾಗಿಲ್ಲ. ಬೇರೆ ಯಾರೋ ಕೊಟ್ಟಿದ್ರೆ ಅವ್ರು ಇನ್ನೂ ಇದ್ದಾರಲ್ಲ. ಹೇಳು, ನೀನೇನಾ?"

ಎದ್ದು ಹೋಗಿ ಲ್ಯಾಪ್‌ಟಾಪ್ ತಂದು ಅವಳ ಮುಂದೆಯೇ ತೆರೆದೆ. ಕಳುಹಿಸಿದ ಮೇಲ್‌ಗಳಲ್ಲಿ ಅದು ಇತ್ತು. ನೋಡದೆಯೇ ಹೆಚ್ಚು ಬೆಲೆ ಹೇಳಿದ್ದವನಿಗೆ ಒಂದು ಮಂಗಳವಾರ ಬೆಳಿಗ್ಗೆ ನಾನು ಬರೆದ ಸ್ವೀಕೃತಿ. ಕೊನೆಯ ಸಾಲು ಖಾಲಿ ಇರಲಿಲ್ಲ. ಅಲ್ಲಿ ಮಗಳ ಪೂರ್ತಿ ಹೆಸರು, ಅವಳ ನಂಬರು, ಗೇಟಿನ ಗುರುತು, ಸಂಜೆ ಆರರವರೆಗೆ ಅವಳೊಬ್ಬಳೇ ಇರುತ್ತಾಳೆಂಬ ಮಾತು, ಎಲ್ಲವನ್ನೂ ನಾನೇ ಟೈಪ್ ಮಾಡಿದ್ದೆ.