ಕಿವಿಯಲ್ಲಿದ್ದ ಫೋನು ರಿಂಗಾಯಿತು

ನೆಲಮಾಳಿಗೆಯ ಪಾರ್ಕಿಂಗಿನಲ್ಲಿ ಮೌನಿ ಹಳೆಯ ಬನಿಯನ್ನಿನಿಂದ ಕಾರಿನ ಗಾಜು ಒರೆಸುತ್ತಿದ್ದಾಗ ಬೆನ್ನಿಗೆ ಮೊದಲ ಏಟು ಬಿತ್ತು. ತಿರುಗಿದರೆ ಭಾವ. ಅಕ್ಕನ ಗಂಡ, ಅದೇ ಕಟ್ಟಡದ ಇನ್ನೊಬ್ಬ ಡ್ರೈವರ್. ಕೈಯಲ್ಲಿ ಚಕ್ರದ ನಟ್ಟು ಬಿಚ್ಚುವ ಸ್ಪ್ಯಾನರ್.

"ಸ್ವಂತ ಟ್ಯಾಕ್ಸಿಗೆ ಅಂತ ಇಟ್ಟಿದ್ದ ದುಡ್ಡು ಕಣೋ! ನಿಮ್ಮಕ್ಕನ ಓಲೆನೂ ಹೋಯ್ತು!"

ಎರಡನೆಯ ಏಟು ದವಡೆಗೆ. ಮೌನಿ ಬಾನೆಟ್ಟಿನ ಮೇಲೆ ಬಿದ್ದ. ಒರೆಸಿದ ಗಾಜಿಗೆ ರಕ್ತ ಸಿಡಿಯಿತು. ಬಿಡಿಸಲು ಓಡಿಬಂದ ಡ್ರೈವರುಗಳೂ ತಲಾ ಒಂದೊಂದು ಒದ್ದೇ ಹೋದರು. ಅವರ ದುಡ್ಡೂ ಮುಳುಗಿತ್ತು.

ಕಾರಿನಲ್ಲಿ ಕೇಳಿದ್ದು ಕಾರಿನಲ್ಲೇ ಉಳಿಯಬೇಕು ಎಂಬುದು ಅಲ್ಲಿಯ ಡ್ರೈವರುಗಳ ಕಟ್ಟಳೆ. ವರ್ಷಗಟ್ಟಲೆ ಅದನ್ನು ಪಾಲಿಸಿದ್ದರಿಂದಲೇ ಅವನಿಗೆ ಮೌನಿ ಎಂಬ ಹೆಸರು ಬಿದ್ದದ್ದು. ಒಂದೇ ಸಲ ಬಾಯಿ ಬಿಟ್ಟ. ಅವನ ಯಜಮಾನ ಪೈಪು ಮಾಡುವ ಕಂಪನಿಯೊಂದರ ನಿರ್ದೇಶಕ. ಹಿಂದಿನ ಸೀಟಿನಲ್ಲಿ ಕೂತು ಒಂದು ದಿನ ಫೋನಿನಲ್ಲಿ, "ಭಾರಿ ಆರ್ಡರ್ ಸಿಕ್ಕಿದೆ. ಷೇರು ಎರಡು ಪಟ್ಟಾಗತ್ತೆ. ಯಾರಿಗೂ ಹೇಳ್ಬೇಡಿ" ಎಂದಿದ್ದ. ಮೌನಿ ಭಾವನಿಗೆ ಹೇಳಿದ. ಭಾವ ಇಡೀ ಪಾರ್ಕಿಂಗಿಗೆ ಹೇಳಿದ. ಪಾರ್ಕಿಂಗಿನವರು ತಮ್ಮ ತಮ್ಮ ಬೀದಿಗಳಿಗೆ ಹೇಳಿದರು. ಬೆಲೆ ಏರಿದಷ್ಟು ದಿನ ಮೌನಿಗೆ "ಗುರುಗಳೇ" ಎಂಬ ಮರ್ಯಾದೆ, ಬಿಟ್ಟಿ ಚಹಾ. ಆಮೇಲೆ ಆ ಆರ್ಡರ್ ಬರಲೇ ಇಲ್ಲ, ಷೇರು ಕುಸಿಯತೊಡಗಿತು. ಮಾರಲು ಹೋದರೆ ಕೊಳ್ಳುವವರೇ ಇರಲಿಲ್ಲ.

ಎರಡು ಹಲ್ಲು ಕಳೆದುಕೊಂಡು ಆಸ್ಪತ್ರೆಯ ಬೆಂಚಿನಲ್ಲಿ ಅಕ್ಕನ ಪಕ್ಕ ಕೂತಿದ್ದಾಗ ಅವನಿಗೆ ಆ ದಿನ ನೆನಪಾಯಿತು.

"ಅಕ್ಕಾ, ಅವತ್ತು ಅವರು ಮಾತಾಡ್ತಿದ್ದಾಗಲೇ ಫೋನು ಜೋರಾಗಿ ರಿಂಗಾಯ್ತು. ಕಿವಿಗೆ ಹಿಡ್ಕೊಂಡಿದ್ದ ಫೋನೇ."

"ಅಂದ್ರೆ?"

"ಆ ಕಡೆ ಯಾರೂ ಇರಲಿಲ್ಲ. ನಿಜವಾದ ಗುಟ್ಟಾದ್ರೆ ಕಾರು ನಿಲ್ಲಿಸಿ, ಇಳಿದು, ದೂರ ಹೋಗಿ ಮಾತಾಡ್ತಾರೆ."

"ಹಾಗಾದ್ರೆ ಯಾರ ಹತ್ರ ಮಾತಾಡ್ತಿದ್ದ, ಆ ಹಾಳಾದೋನು?"

"ನನ್ನ ಹತ್ರ."

ಬಾಗಿಲಲ್ಲಿ ನಿಂತಿದ್ದ ಭಾವ ತಲೆ ತಗ್ಗಿಸಿದ. "ನಡಿ, ದೂರು ಕೊಡೋಣ" ಎಂದ. "ಖಾತ್ರಿ ಮಾಡ್ಕೊಂಡು ಬರ್ತೀನಿ ಭಾವ" ಎಂದು ಮೌನಿ ಮರುದಿನ ಕೆಲಸಕ್ಕೆ ಹೋದ. ಸ್ಪ್ಯಾನರ್ ಈಗ ಅವನ ಸೀಟಿನ ಕೆಳಗಿತ್ತು.

"ಮುಖಕ್ಕೇನಾಯ್ತೋ?" ಎಂದ ಯಜಮಾನ, ಕಾರು ಹತ್ತುತ್ತ.

"ಬಿದ್ದೆ ಸಾರ್."

"ನೋಡ್ಕೊಂಡು ನಡೀಬೇಕಪ್ಪ."

ಸ್ವಲ್ಪ ದೂರ ಹೋದ ಮೇಲೆ ಯಜಮಾನ ಫೋನನ್ನು ಕಿವಿಗಿಟ್ಟುಕೊಂಡ. "ಆ ಸಿಮೆಂಟ್ ಕಂಪನೀನ ನಾವೇ ಕೊಳ್ತಿದ್ದೀವಿ. ಗುಟ್ಟಾಗಿರಲಿ..." ಕೆಂಪು ದೀಪಕ್ಕೆ ಕಾರು ನಿಂತಿತು. ಮೌನಿ ತನ್ನ ಫೋನಿನಲ್ಲಿ ಯಜಮಾನನ ನಂಬರ್ ಒತ್ತಿದ.

ಯಜಮಾನನ ಕಿವಿಯಲ್ಲಿ ಫೋನು ರಿಂಗಾಯಿತು. ಕನ್ನಡಿಯಲ್ಲಿ ಇಬ್ಬರ ಕಣ್ಣೂ ಕೂಡಿದವು.

"ಇಳಿಯೋ ನಾಯಿ!" ಯಜಮಾನ ಹಿಂದಿನಿಂದ ಅವನ ಕೂದಲು ಹಿಡಿದು ತಲೆಯನ್ನು ಕಿಟಕಿಗೆ ಅಪ್ಪಳಿಸಿದ. ಮೌನಿ ಇಳಿದ, ಸ್ಪ್ಯಾನರ್ ಸಮೇತ. ಹಿಂಬದಿಯ ಬಾಗಿಲು ತೆರೆದು ಯಜಮಾನನನ್ನು ಕಾಲರ್ ಹಿಡಿದು ರಸ್ತೆಗೆಳೆದ. ಫೋನು ಹಿಡಿದಿದ್ದ ಕೈಯನ್ನು ಡಾಂಬರಿಗೆ ಒತ್ತಿ ಬಾರಿಸಿದ. ಮಣಿಕಟ್ಟು ಮುರಿದ ಸದ್ದು ಪಕ್ಕದ ಬಸ್ಸಿನವರಿಗೂ ಕೇಳಿಸಿತಂತೆ. ಆಮೇಲೆ ಸ್ಪ್ಯಾನರ್ ಪಕ್ಕಕ್ಕಿಟ್ಟು, ಪೊಲೀಸರು ಬರುವವರೆಗೆ ಬಂಪರಿಗೆ ಒರಗಿ ಕೂತಿದ್ದ.

ಷೇರುಪೇಟೆ ನಿಯಂತ್ರಣ ಕಚೇರಿಗೆ ದೂರು ಕೊಟ್ಟದ್ದು ಭಾವ. ಪಾರ್ಕಿಂಗಿನ ಎಲ್ಲರ ಸಹಿಯೊಂದಿಗೆ.

"ಒಳಗಿನ ಸುದ್ದಿ ಕೇಳಿ ಷೇರು ಕೊಳ್ಳೋದೂ ತಪ್ಪೇ, ಗೊತ್ತೇನ್ರಿ?" ಎಂದರು ಅಧಿಕಾರಿ.

"ಸುದ್ದಿಯಾಗಿದ್ರೆ ತಪ್ಪು ಸ್ವಾಮಿ. ಇದು ಸುದ್ದಿನೇ ಅಲ್ಲವಲ್ಲ."

ಅಧಿಕಾರಿ ನಗಲಿಲ್ಲ. ಬೆಲೆ ಏರಿದ್ದಾಗ ಮಾರಿದವರು ಯಾರು ಎಂದು ದಾಖಲೆ ತೆಗೆಸಿ ನೋಡಿದರು. ಯಜಮಾನನ ಹೆಂಡತಿ, ಷಡ್ಡಕ, ಷಡ್ಡಕನ ಕಂಪನಿ. ಆದರೆ ಕಾರಿನೊಳಗಿನ ಮಾತಿಗೆ ಸಾಕ್ಷಿ ಮೌನಿ ಒಬ್ಬನೇ.

ಈಗ ಪಾರ್ಕಿಂಗಿಗೆ ಯಾರಾದರೂ ಬಿಸಿ ಸುದ್ದಿ ತಂದರೆ ಭಾವ ಕೇಳುವುದು ಒಂದೇ ಪ್ರಶ್ನೆ: "ಅಷ್ಟು ಒಳ್ಳೇದಾಗಿದ್ರೆ ನಿನಗ್ಯಾಕೆ ಹೇಳಿದ್ರು?"

ಮೌನಿಗೆ ಜಾಮೀನು ಸಿಕ್ಕಿಲ್ಲ. ಅವನ ಹೇಳಿಕೆಯನ್ನು ಜೈಲಿನಲ್ಲೇ ಪಡೆಯಲು ಅನುಮತಿ ದೊರೆತಿದೆ. ಅಧಿಕಾರಿ ಬುಧವಾರ ಹೋಗಲಿದ್ದಾರೆ.